ಬಾಲದ ತುದಿಯ ಒಂದು ಹನಿ: ಇಲಿ ಮಲೇರಿಯಾ ಲ್ಯಾಬಿನಲ್ಲಿ ನನ್ನ ಅನುಭವ

ನನ್ನೂರು ಮಂಗಳೂರು. ಮಳೆಗಾಲ ಬಂತು ಅಂದ್ರೆ ನಮ್ಮ ಬೀದಿಯಲ್ಲಿ ಯಾರಿಗಾದರೂ ಮಲೇರಿಯಾ ಇದ್ದೇ ಇರುತ್ತಿತ್ತು, ಹೆಚ್ಚಾಗಿ ವೈವ್ಯಾಕ್ಸ್ ಅನ್ನುವ ಪ್ಯಾರಾಸೈಟ್‌ನಿಂದ (ಪರಾವಲಂಬಿ ಜೀವಿ) ಬರುವಂಥದ್ದು. ಅಮ್ಮನಿಗೆ ಒಂದೇ ವರ್ಷದಲ್ಲಿ ಎರಡು ಸಲ ಬಂದಿತ್ತು. ಬೆಂಗಳೂರಿನ ಲ್ಯಾಬ್ ಸೇರುವಾಗ ವೈವ್ಯಾಕ್ಸ್ ಮೇಲೇ ಕೆಲಸ ಮಾಡಬೇಕು ಅಂತ ಆಸೆಯಿತ್ತು. ಆದರೆ ಅದನ್ನು ಲ್ಯಾಬಿನಲ್ಲಿ ಸತತವಾಗಿ ಬೆಳೆಸಲು ಆಗುವುದಿಲ್ಲ. ಇನ್ನೊಂದು ಮಲೇರಿಯಾ ಪ್ಯಾರಾಸೈಟ್ ಫಾಲ್ಸಿಪಾರಂ ಅನ್ನು 1976ರಿಂದ ಫ್ಲಾಸ್ಕಿನಲ್ಲಿ ಬೆಳೆಸುತ್ತಿದ್ದಾರೆ, ವೈವ್ಯಾಕ್ಸ್‌ಗೆ ಮಾತ್ರ ರಕ್ತದ ಎಳೆಯ ಕೆಂಪುಕಣಗಳೇ ಬೇಕು, ಅಂದರೆ ರೆಟಿಕ್ಯುಲೋಸೈಟ್. ಕೊನೆಗೆ ನನ್ನ ಪಾಲಿಗೆ ಬಂದದ್ದು ಇಲಿಯ ಮಲೇರಿಯಾ, ಪ್ಲಾಸ್ಮೋಡಿಯಂ ಬರ್ಗೈ. ಇದಕ್ಕೂ ಎಳೆಯ ಕಣಗಳೇ ಇಷ್ಟ. ವಿನ್ಕೆ ಮತ್ತು ಲಿಪ್ಸ್ 1948ರಲ್ಲಿ ಕಾಂಗೋದ ಕಟಾಂಗಾದಲ್ಲಿ ಇದನ್ನು ಕಾಡಿಲಿಗಳಲ್ಲಿ ಕಂಡುಹಿಡಿದಿದ್ದರು.

ಬೆಂಗಳೂರಿಗೆ ಬರ್ಗೈ ಹೊಸದೇನಲ್ಲ. 2005ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಪದ್ಮನಾಭನ್ ಮತ್ತು ರಂಗರಾಜನ್ ಅವರ ತಂಡ ಅರಿಶಿನದ ಕರ್ಕ್ಯುಮಿನ್ ಅನ್ನು ಬಾಯಿಯ ಮೂಲಕ ಕೊಟ್ಟು, ಇಲಿಗಳ ರಕ್ತದಲ್ಲಿ ಪ್ಯಾರಾಸೈಟ್ ಇಳಿಯುವುದನ್ನು ತೋರಿಸಿತ್ತು. ಅದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು.

ಎಥಿಕ್ಸ್ ಕಮಿಟಿಯ ಅನುಮತಿ ಸಿಗಲು ತಿಂಗಳುಗಳೇ ಹಿಡಿದವು. ಆ ಸಮಯವನ್ನು ನಾನು ಅನಿಮಲ್ ಹೌಸಿನಲ್ಲಿ ಕಳೆದೆ. ಅಲ್ಲಿ ಇಲಿಗಳನ್ನು ನೋಡಿಕೊಳ್ಳುವ ಅಣ್ಣ ಒಬ್ಬರಿದ್ದರು. ಇಲಿ ಹಿಡಿಯುವುದನ್ನು ಕಲಿಸಿದ್ದು ಅವರೇ. "ಮೇಡಂ, ನಿಮ್ಮ ಕೈ ನಡುಗಿದ್ರೆ ಅದಕ್ಕೆ ಗೊತ್ತಾಗುತ್ತೆ, ಮೊದಲು ಸುಮ್ನೆ ಕೈ ಮೇಲೆ ಕೂರಿಸ್ಕೊಳ್ಳಿ" ಅಂದರು. ಎರಡು ವಾರ ಬರೀ ಅಷ್ಟನ್ನೇ ಮಾಡಿದೆ. ಇವತ್ತಿಗೂ ಹೊಸದಾಗಿ ಬಂದವರಿಗೆ ಇದನ್ನೇ ಮೊದಲು ಮಾಡಿ ಅನ್ನುತ್ತೇನೆ, ಯಾಕೆಂದರೆ ಹೆದರಿದ ಇಲಿಯಿಂದ ಸರಿಯಾದ ಡೇಟಾ ಸಿಗುವುದಿಲ್ಲ, ಅದಕ್ಕೂ ಹಿಂಸೆ.

ಮೊದಲ ಪ್ರಯೋಗವೇ ಕೆಟ್ಟಿತು. ಔಷಧಿ ಪರೀಕ್ಷೆಗೆ ನಾವು ಮಾಡುವುದು ನಾಲ್ಕು ದಿನದ ಟೆಸ್ಟ್: ಸೋಂಕು ಕೊಟ್ಟ ದಿನ (ಅದನ್ನು ಸೊನ್ನೆ ಅಂತ ಎಣಿಸುತ್ತೇವೆ) ಮತ್ತು ಮುಂದಿನ ಮೂರು ದಿನ ಔಷಧಿ ಕೊಟ್ಟು, ನಾಲ್ಕನೇ ದಿನ ಸ್ಮಿಯರ್ ಮಾಡಿ, ಅಂದರೆ ರಕ್ತದ ಹನಿಯನ್ನು ಗಾಜಿನ ಮೇಲೆ ಎಳೆದು, ಸೋಂಕಿತ ಕಣಗಳನ್ನು ಎಣಿಸುವುದು. ಮೊದಲೇ ಸೋಂಕಿರುವ ದಾನಿ ಇಲಿಯ ರಕ್ತ ತೆಗೆದು, ಸಲೈನಿನಲ್ಲಿ ತೆಳುಮಾಡಿ, ಒಂದೊಂದು ಇಲಿಗೂ ಹೊಟ್ಟೆಯೊಳಗೆ ಹತ್ತು ಲಕ್ಷ ಸೋಂಕಿತ ಕಣ ಹೋಗುವ ಹಾಗೆ ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯಿತ್ತು. ಆದರೆ ಔಷಧಿಯೇ ಕೊಡದ ಗುಂಪಿನಲ್ಲಿ ನಾಲ್ಕನೇ ದಿನ ಮೊದಲ ಇಲಿಯಲ್ಲಿ ಸೋಂಕಿತ ಕೆಂಪುಕಣ ಶೇ. 8, ಕೊನೆಯದರಲ್ಲಿ ಶೇ. 1. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಕೆಂಪುಕಣಗಳು ಟ್ಯೂಬಿನ ತಳಕ್ಕೆ ಕೂರುತ್ತವೆ, ನಾನು ಪ್ರತಿ ಸಲ ತಳದಿಂದಲೇ ಎಳೆಯುತ್ತಿದ್ದೆ, ಮೊದಲಿನವಕ್ಕೆ ಗಟ್ಟಿ ರಕ್ತ ಹೋಗಿ ಕೊನೆಯವಕ್ಕೆ ಬರೀ ನೀರು ಉಳಿದಿತ್ತು. ನನ್ನ ಅಜಾಗರೂಕತೆಯಿಂದ ಅಷ್ಟೂ ಜೀವ ವ್ಯರ್ಥವಾಯಿತು ಅನ್ನುವುದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಅವತ್ತಿನಿಂದ ಪ್ರತಿ ಇಂಜೆಕ್ಷನ್ನಿಗೂ ಮೊದಲು ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸುತ್ತೇನೆ. ಕೇಜ್‌ಗಳ ಕ್ರಮದಲ್ಲಿ ಹೋಗದೆ ಬೇರೆ ಬೇರೆ ಗುಂಪಿನ ಇಲಿಗಳಿಗೆ ಅದಲುಬದಲು ಮಾಡಿ ಕೊಡುತ್ತೇನೆ.

ಇನ್ನು ಸ್ಮಿಯರ್. ಬಾಲದ ತುದಿಯಿಂದ ಒಂದು ಸಣ್ಣ ಹನಿ, ಅದಕ್ಕಿಂತ ಜಾಸ್ತಿ ಬೇಡ. ಗಾಜಿನ ಮೇಲೆ ತೆಳುವಾಗಿ ಎಳೆದು, ಒಣಗಿಸಿ, ಕಣಗಳು ಗಾಜಿಗೆ ಕಚ್ಚಿಕೊಳ್ಳಲು ಮೆಥನಾಲ್, ಆಮೇಲೆ ಶೇ. 10ರ ಜೀಮ್ಸಾ ಬಣ್ಣ ಇಪ್ಪತ್ತು ನಿಮಿಷ. ನಾನು ಒಂದು ದಿನ ಬಫರ್ ಮುಗಿದಿದೆ ಅಂತ ನಲ್ಲಿ ನೀರಿನಲ್ಲಿ ಬಣ್ಣ ಬೆರೆಸಿದೆ, ಸ್ಲೈಡ್ ತುಂಬ ನೇರಳೆ ಚುಕ್ಕಿ, ಯಾವುದು ಕಸ ಯಾವುದು ಪ್ಯಾರಾಸೈಟ್ ಅಂತ ಹೇಳುವುದೇ ಕಷ್ಟವಾಯಿತು. ಪಿಎಚ್ 7.2ರ ಬಫರ್ ಇಲ್ಲದಿದ್ದರೆ ಆ ದಿನ ಬಣ್ಣವೇ ಹಾಕಬೇಡಿ. ಇಲಿಯ ರಕ್ತದಲ್ಲಿ ಇನ್ನೊಂದು ತೊಡಕಿದೆ. ಆರೋಗ್ಯವಂತ ಇಲಿಯಲ್ಲೂ ಹೋವೆಲ್-ಜಾಲಿ ಬಾಡಿ ಅನ್ನುವ ದುಂಡು ಚುಕ್ಕಿಗಳು ಕೆಂಪುಕಣದೊಳಗೆ ಕಾಣುತ್ತವೆ, ಕಣದ ಮೇಲೆ ಕೂತ ಪ್ಲೇಟ್‌ಲೆಟ್ ಕೂಡ ಎಳೆಯ ಪ್ಯಾರಾಸೈಟ್‌ನ ಉಂಗುರದ ಹಾಗೆಯೇ ಕಾಣುತ್ತದೆ. ಪ್ಯಾರಾಸೈಟ್ ಆದರೆ ಕೆಂಪು ನ್ಯೂಕ್ಲಿಯಸ್ ಪಕ್ಕದಲ್ಲಿ ನೀಲಿ ಸೈಟೋಪ್ಲಾಸಂ ಇರಲೇಬೇಕು. ಸೋಂಕಿಲ್ಲದ ಇಲಿಯ ಸ್ಲೈಡನ್ನು ಒಂದು ವಾರ ನೋಡಿ ಕಣ್ಣು ಪಳಗಿಸಿಕೊಂಡ ಮೇಲೆಯೇ ನನ್ನ ಎಣಿಕೆ ಸೀನಿಯರ್ ಎಣಿಕೆಗೆ ಹೊಂದಿದ್ದು.

ಆದರೆ ಎಣಿಕೆಯೊಂದನ್ನೇ ನಂಬಬಾರದು. ಅಂಕಾ ತಳಿಯ ಬರ್ಗೈಯನ್ನು ಬ್ಲ್ಯಾಕ್ ಸಿಕ್ಸ್ ಅನ್ನುವ ಲ್ಯಾಬ್ ತಳಿಯ ಇಲಿಗೆ ಕೊಟ್ಟರೆ 6ರಿಂದ 10ನೇ ದಿನದೊಳಗೆ ಮಿದುಳಿನ ಮಲೇರಿಯಾ ಬರುತ್ತದೆ. ಆಗ ರಕ್ತದಲ್ಲಿ ಪ್ಯಾರಾಸೈಟ್ ಅಷ್ಟೇನೂ ಏರಿರುವುದಿಲ್ಲ. ಅದೇ ಬಾಲ್ಬ್ ಸಿ ಅನ್ನುವ ಇನ್ನೊಂದು ತಳಿಯ ಇಲಿ ಆ ಹಂತ ದಾಟಿಕೊಂಡು, ವಾರಗಳ ನಂತರ ರಕ್ತಹೀನತೆಯಿಂದ ಸೋಲುತ್ತದೆ. ಒಂದೇ ಪ್ಯಾರಾಸೈಟ್, ಎರಡು ಕಾಯಿಲೆ. ಮನುಷ್ಯರಲ್ಲಿ ಸೋಂಕಿತ ಕಣಗಳು ಮಿದುಳಿನ ರಕ್ತನಾಳಗಳಲ್ಲಿ ಅಂಟಿಕೊಳ್ಳುವುದು ದೊಡ್ಡ ಕಾರಣ, ಇಲಿಯಲ್ಲಿ ಸಿಡಿ8 ಟಿ ಕಣಗಳ (ರೋಗನಿರೋಧಕ ಬಿಳಿಕಣಗಳು) ಪಾತ್ರ ಜಾಸ್ತಿ. ಅದಕ್ಕೇ ಇಲಿಯನ್ನು ಉಳಿಸಿದ ಔಷಧಿ ಮನುಷ್ಯರನ್ನೂ ಉಳಿಸುತ್ತದೆ ಅಂತ ನಾನು ಎಲ್ಲಿಯೂ ಬರೆಯುವುದಿಲ್ಲ.

ಅಂಥ ಒಂದು ಪ್ರಯೋಗದ ಆರನೇ ದಿನ ಸಂಜೆ ಎಲ್ಲವೂ ಚುರುಕಾಗಿದ್ದವು, ಕೌಂಟ್ ಕೂಡ ಕಡಿಮೆ. ನಾನು ಮನೆಗೆ ಹೋದೆ. ರಾತ್ರಿ ಹತ್ತಕ್ಕೆ ಅಣ್ಣನ ಫೋನ್: "ಮೇಡಂ, ಮೂರನೇ ಕೇಜ್‌ನಲ್ಲಿ ಒಂದು ಮುದುಡಿ ಕೂತಿದೆ, ಮೈ ತಣ್ಣಗಾಗಿದೆ." ಓಡಿದೆ. ಕೂದಲು ಕೆದರಿತ್ತು, ನಡೆಸಿದರೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ನಮ್ಮ ಪ್ರೊಟೋಕಾಲ್‌ನಲ್ಲಿ ಬರೆದಿದ್ದ ಕೊನೆಯ ಹಂತ ಅದೇ. ಅದು ಇನ್ನಷ್ಟು ನರಳದ ಹಾಗೆ ಆಗಲೇ ಮುಗಿಸಿದೆವು, ಅಣ್ಣ ಪಕ್ಕದಲ್ಲೇ ನಿಂತಿದ್ದರು. ಮರುದಿನ ಬೆಳಗ್ಗೆ ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಎಳೆದೆ: ರಾತ್ರಿ ಹತ್ತು ಗಂಟೆ, ಐದನೇ ದಿನದಿಂದ. ಅದನ್ನು ತುಂಬುವುದು ನಾನೇ, ಮನೆಗೆ ಹೋಗುವ ಮುಂಚೆ.