ಕೂಸಿನ ಕೆಲಸ ತಾಯಿಯ ಕೈಗೆ: ಎಸ್‌ಎನ್‌ಸಿಯು ಒಳಗಿನ ನನ್ನ ಅನುಭವ

ನವಜಾತ ಶಿಶು ಘಟಕಗಳಲ್ಲಿ ಕೆಲಸ ಮಾಡುವ ನಮಗೆಲ್ಲ ‘ತಾಯಿಗೆ ಆಪ್ತಸಮಾಲೋಚನೆ ನೀಡಲಾಗಿದೆ’ ಎಂದು ಕೇಸ್ ಶೀಟಿನಲ್ಲಿ ಬರೆದು ಸಹಿ ಹಾಕುವ ಅಭ್ಯಾಸವಿದೆ. ಆ ಸಾಲಿನಿಂದ ಯಾವ ತಾಯಿಗೂ ಎದೆಹಾಲು ಹೆಚ್ಚಿದ್ದನ್ನು ನಾನು ಕಂಡಿಲ್ಲ. ಕಲ್ಯಾಣ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ (ಅಸ್ವಸ್ಥ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ) ಹತ್ತು ವರ್ಷಕ್ಕೂ ಮೇಲ್ಪಟ್ಟು ಶುಶ್ರೂಷಾಧಿಕಾರಿಯಾಗಿರುವ ನಾನು ಈಗ ನಂಬಿರುವುದು ಇಷ್ಟೇ: ಅವಧಿಗೆ ಮುಂಚೆ ಹುಟ್ಟಿದ ಕೂಸಿನ ತಂದೆತಾಯಿಯರಿಗೆ ಧೈರ್ಯ ಬರಬೇಕಾದರೆ, ಆ ಕೂಸಿನ ಕೆಲಸವನ್ನು ಮೊದಲ ದಿನದಿಂದಲೇ ಅವರ ಕೈಗೆ ಕೊಡಬೇಕು.

ಹೀಗೆ ಹೇಳಿದಾಗ ನಮ್ಮಲ್ಲಿ ತಲೆಯಾಡಿಸಿದವರು ಕಡಿಮೆ, ನಕ್ಕವರು ಹೆಚ್ಚು. ಹೊರಗಿನವರು ಒಳಗೆ ಬಂದರೆ ಸೋಂಕು ಏರುತ್ತದೆಂದು ವೈದ್ಯರೊಬ್ಬರು ಹೇಳಿದರು. ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್‌ಗಳ ನಡುವೆ ಕಾಲಿಡಲು ಜಾಗವಿಲ್ಲದಿರುವಾಗ ಕುರ್ಚಿ ಎಲ್ಲಿ ಹಾಕುತ್ತೀರಿ ಎಂದು ಸಹೋದ್ಯೋಗಿಗಳು ಕೇಳಿದರು. ತಾಯಂದಿರು ದಿನವಿಡೀ ಕೂತರೆ ನಾವು ಮಾಡುವುದಕ್ಕೆಲ್ಲ ಸಾಕ್ಷಿ ಹುಟ್ಟುತ್ತದೆ ಎಂದು ಇನ್ನೊಬ್ಬರು ಮೆಲ್ಲಗೆ ಹೇಳಿದರು. ಉಳಿದವೆಲ್ಲ ನೆಪ, ಈ ಕೊನೆಯದೇ ನಿಜವಾದ ಕಾರಣವೆಂಬುದು ನನ್ನ ಗುಮಾನಿ. ಕುಟುಂಬದವರನ್ನು ಆರೈಕೆಯಲ್ಲಿ ತೊಡಗಿಸಿಕೊಳ್ಳಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು, ಆದರೆ ನಮ್ಮಲ್ಲಿ ಅದು ಬಹಳ ಕಾಲ ಬೀರುವಿನೊಳಗೇ ಇತ್ತು. ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಕಾಂಗರೂ ಆರೈಕೆಯನ್ನು (ಕೂಸನ್ನು ಮೈಗೆ ಮೈ ತಾಗುವಂತೆ ಎದೆಗೆ ಹಾಕಿಕೊಳ್ಳುವುದನ್ನು) ವ್ಯಾಪಕವಾಗಿ ಜಾರಿಗೆ ತಂದದ್ದನ್ನು ಹೇಳಿದರೆ, ಅವರಿಗೆ ಸಂಶೋಧಕರ ಬೆಂಬಲವಿತ್ತು ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾದ ಮೇಲೆ ಮಾತ್ರ ಸಭೆಯಲ್ಲಿ ನನ್ನ ಮಾತಿಗೆ ತೂಕ ಬಂತು. ಒಂದು ಕೆ.ಜಿ.ಯಿಂದ ಸುಮಾರು 1.8 ಕೆ.ಜಿ.ವರೆಗಿನ ಮಕ್ಕಳನ್ನು, ಸ್ಥಿತಿ ಸುಧಾರಿಸುವವರೆಗೆ ಕಾಯದೆ ಹುಟ್ಟಿದೊಡನೆ ತಾಯಿಯ ಎದೆಗೆ ಹಾಕಿದಾಗ, ಮೊದಲ 28 ದಿನಗಳಲ್ಲಿ ಸತ್ತವರು ಶೇ 12ರಷ್ಟಿದ್ದರೆ, ಹಳೆಯ ಪದ್ಧತಿಯಲ್ಲಿ ಶೇ 15.7ರಷ್ಟಿದ್ದರು. ಸೋಂಕಿನ ಶಂಕೆಯೂ ಎದೆಗೆ ಹಾಕಿದ ಮಕ್ಕಳಲ್ಲೇ ಕಡಿಮೆ ಇತ್ತು.

ಅದಕ್ಕೂ ಮೊದಲು ನಾನು ಕೈಹಾಕಿದ್ದರಲ್ಲಿ ಹೆಚ್ಚಿನವು ನೆಲಕಚ್ಚಿದವು. ನಾಲ್ಕೈದು ಸಾವಿರ ಖರ್ಚಿನಲ್ಲಿ ಹಾಕಿಸಿದ ಫ್ಲೆಕ್ಸ್‌ಗಳಲ್ಲಿ ಕೆನ್ನೆ ತುಂಬಿದ ಮಗು ನಗುತ್ತಿತ್ತು. ಸಾವಿರದ ನೂರು ಗ್ರಾಮಿನ ಕೂಸಿನ ತಾಯಿ ಅದರ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು. ಬಾಣಂತಿಯರ ವಾರ್ಡಿನಲ್ಲಿ ಮಧ್ಯಾಹ್ನದ ತಿಳಿವಳಿಕೆ ತರಗತಿ ನಡೆಸಿದರೆ, ಸಿಸೇರಿಯನ್ ಆದವರು ಏಳಲಾರರು, ಎದ್ದು ಬಂದವರು ತೂಕಡಿಸುವರು. ತಂದೆಯಂದಿರಿಗಾಗಿ ಮಾಡಿದ ವಾಟ್ಸ್‌ಆ್ಯಪ್ ಗುಂಪು ಒಂದೇ ರಾತ್ರಿಯಲ್ಲಿ ಮುಗಿಯಿತು: ಒಬ್ಬರು ತಮ್ಮ ಕೂಸು ಹೋಯಿತೆಂದು ಬರೆದರು, ಬೆಳಗಾಗುವಷ್ಟರಲ್ಲಿ ಎರಡು ಮನೆಯವರು ವೈದ್ಯರ ಸಲಹೆ ಮೀರಿ ಬಿಡುಗಡೆ ಕೇಳಿ ಬಾಗಿಲಲ್ಲಿ ನಿಂತಿದ್ದರು. ಎಲ್ಲಕ್ಕಿಂತ ದುಬಾರಿ ಪಾಠ ಕಲಿಸಿದ್ದು ದಾನಿಯೊಬ್ಬರು ಕೊಡಿಸಿದ ಕಾಂಗರೂ ಬೆಲ್ಟುಗಳು. ಒಂದೊಂದಕ್ಕೆ ಹೆಚ್ಚುಕಡಿಮೆ ಸಾವಿರ ರೂಪಾಯಿ. ಸೀರೆ ಉಟ್ಟ ಹೆಂಗಸಿಗೆ ಅವು ಒಗ್ಗಲಿಲ್ಲ, ಆಸ್ಪತ್ರೆಯ ಧೋಬಿಗೆ ಹಾಕಿ ನಾಲ್ಕು ಒಗೆತವಾಗುವಷ್ಟರಲ್ಲಿ ಅಂಟುಪಟ್ಟಿ ಹಿಡಿತ ಬಿಟ್ಟಿತು. ಈಗ ಆಸ್ಪತ್ರೆಯ ಎದುರಿನ ದರ್ಜಿಯಿಂದ ಮೆತ್ತನೆಯ ಹತ್ತಿ ಬಟ್ಟೆಯ ಉದ್ದ ಪಟ್ಟಿ ಹೊಲಿಸುತ್ತೇವೆ; ಒಂದಕ್ಕೆ ಅರುವತ್ತು ಎಪ್ಪತ್ತು ರೂಪಾಯಿ ಬೀಳುತ್ತದೆ. ಗಂಟು ಎಲ್ಲಿ ಬಂದರೆ ತಾಯಿ ಎದ್ದು ಓಡಾಡಿದರೂ ಕೂಸಿನ ಕುತ್ತಿಗೆ ಬಾಗುವುದಿಲ್ಲ ಎಂಬುದನ್ನು ಬರೆದು ತಿಳಿಸಲಾಗದು. ನಮ್ಮಲ್ಲಿಗೆ ಬಂದವರಿಗೆ ಕಟ್ಟಿ ತೋರಿಸುತ್ತೇನೆ.

ನಮಗೆ ಬರುವ ಕೂಸುಗಳಲ್ಲಿ ಸುಮಾರು ಅರ್ಧದಷ್ಟು ಬೇರೆಡೆ ಹುಟ್ಟಿದವು. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ ತಾಯಿ ಅಲ್ಲೇ ಮಲಗಿರುತ್ತಾಳೆ, ಕೂಸು ಅಪ್ಪ ಮತ್ತು ಅಜ್ಜಿಯ ಜೊತೆ 108ರಲ್ಲಿ ಇಲ್ಲಿಗೆ ಬಂದಿರುತ್ತದೆ. ಇಂಥ ಕಡೆ ಎಲ್ಲಕ್ಕಿಂತ ಮೊದಲು ಮಾಡುವ ಕೆಲಸ ತಾಯಿಯನ್ನು ಕರೆಸುವುದು. ಅಲ್ಲಿನ ಸಿಸ್ಟರ್‌ಗೆ ನಾನೇ ಫೋನ್ ಮಾಡಿ, ತಾಯಿಯ ಸ್ಥಿತಿ ನೆಟ್ಟಗಿದ್ದರೆ ಮರುದಿನವೇ ನಮ್ಮ ವಾರ್ಡಿಗೆ ವರ್ಗ ಮಾಡಿಸಿಕೊಳ್ಳುತ್ತೇನೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ವಾಹನ ಉಚಿತ, ಆದರೆ ಕೇಳದೆ ಯಾರೂ ಕಳುಹಿಸುವುದಿಲ್ಲ. ಮೂರು ನಾಲ್ಕು ದಿನ ತಡವಾದರೆ ಹಾಲೂ ಹಿಂದೆ ಸರಿಯುತ್ತದೆ, ಆಸೆಯೂ ಸರಿಯುತ್ತದೆ.

ತಾಯಿ ಬಂದ ಮೇಲೆ ಮೊದಲ ಕೆಲಸ ಹಿಂಡುವುದು. ಹಸ್ತದಿಂದ ಹಿಂಡಿದರೆ ಮೊದಲ ಸಲ ಬರುವುದು ಎರಡು ಎಂ.ಎಲ್. ಸಿರಿಂಜಿನ ತಳದಲ್ಲಿ ನಿಲ್ಲುವಷ್ಟು ಹಳದಿ ಗಿಣ್ಣುಹಾಲು. ‘ಇಷ್ಟಕ್ಕ ಏನಾಗತೈತ್ರಿ ಸಿಸ್ಟರ್’ ಎಂದು ಅವಳು ಮುಖ ಮುಚ್ಚಿಕೊಳ್ಳುತ್ತಾಳೆ. ಆಗ ನಾನು ವಿವರಣೆಗೆ ಇಳಿಯುವುದಿಲ್ಲ. ಗಾಲಿಕುರ್ಚಿಯಲ್ಲಿ ಕೂರಿಸಿ ವಾರ್ಮರ್ ಪಕ್ಕಕ್ಕೆ ಕರೆತಂದು, ಕೈ ತೊಳೆಸಿ, ಆ ಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯನ್ನು ಅವಳ ಕೈಗೇ ಕೊಡುತ್ತೇನೆ. ಕೂಸಿನ ಕೆನ್ನೆಯ ಒಳಬದಿಗೆ ಅದನ್ನು ಸವರಿದಾಗ, ಹಾಲಿಳಿಸಲು ಬಾಯಿಗೆ ಹಾಕಿದ ನಳಿಕೆಯ ಬದಿಯಲ್ಲಿ ಅದು ನಾಲಿಗೆ ಹೊರಚಾಚಿ ಚಪ್ಪರಿಸುತ್ತದೆ. ಸಂಜೆಯ ಹೊತ್ತಿಗೆ ಆ ತಾಯಿಯೇ ಬಟ್ಟಲು ಹಿಡಿದು ಬರುತ್ತಾಳೆ, ಐದು ಎಂ.ಎಲ್. ಆದರೂ ಇರುತ್ತದೆ.

ಅಲ್ಲಿಂದ ಮುಂದೆ ಕೆಲಸಗಳು ಒಂದೊಂದಾಗಿ ಅವಳ ಪಾಲಿಗೆ ಬರುತ್ತವೆ: ನಳಿಕೆಯ ಹಾಲು ಇಳಿಯುವಾಗ ಸಿರಿಂಜು ಹಿಡಿಯುವುದು, ಬಟ್ಟೆ ಬದಲಿಸುವುದು, ಮುಂದೆ ಪಲಡೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲಲ್ಲಿ) ಕುಡಿಸುವುದು, ಹೊಟ್ಟೆ ಮತ್ತು ಪಾದ ಎರಡನ್ನೂ ಮುಟ್ಟಿ ನೋಡುವುದು. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸಿಗೆ ತಂಪು ತಗಲುತ್ತಿದೆ ಎಂಬುದನ್ನು ನಮ್ಮ ತಾಯಂದಿರು ಹೊಸದಾಗಿ ಸೇರಿದ ಸ್ಟಾಫಿಗಿಂತ ಬೇಗ ಕಲಿಯುತ್ತಾರೆ. ತೂಕ ಬರೆಯುವುದೂ ಅವರೇ. ಓದು ಬಾರದವರು ಚೌಕುಳಿ ಪುಸ್ತಕದಲ್ಲಿ ಚುಕ್ಕೆ ಇಡುತ್ತಾರೆ. ಮೊದಲ ವಾರ ತೂಕ ಇಳಿದೇ ಇಳಿಯುತ್ತದೆ ಎಂಬುದನ್ನು ಪುಸ್ತಕ ಕೊಡುವಾಗಲೇ ಹೇಳಿ, ಇಳಿಜಾರಿನ ಗೆರೆಯನ್ನು ಮೊದಲೇ ಎಳೆದುಕೊಟ್ಟಿರುತ್ತೇನೆ. ಹಾಗೆ ಮಾಡದಿದ್ದ ದಿನಗಳಲ್ಲಿ ಐದನೆಯ ದಿನ ಅಳು, ಆರನೆಯ ದಿನ ಖಾಸಗಿ ಆಸ್ಪತ್ರೆಯ ಮಾತು ಬರುತ್ತಿತ್ತು. ಖಾಸಗಿಯಲ್ಲಿ ಒಂದೂವರೆ ಎರಡು ಲಕ್ಷ ಸುರಿದು, ಬಂಗಾರ ಅಡವಿಟ್ಟು, ಹಣ ಮುಗಿದ ಮೇಲೆ ನಮ್ಮ ಬಾಗಿಲಿಗೆ ಬಂದ ಕುಟುಂಬಗಳನ್ನು ಕಂಡವರಿಗೆ ಆ ಗೆರೆಯ ಬೆಲೆ ತಿಳಿಯುತ್ತದೆ.

ಹಣದ ಮಾತಿಗೆ ಬಂದರೆ, ಮೊದಲು ಬೇಕಾದದ್ದು ಒರಗು ಕುರ್ಚಿ. ಸ್ಟೂಲಿನ ಮೇಲೆ ಹೊಲಿಗೆ ಹಾಕಿದ ಹೊಟ್ಟೆಯವಳು ಅರ್ಧ ಗಂಟೆ ಕೂರಲಾರಳು, ಕಾಂಗರೂ ಆರೈಕೆ ದಿನಕ್ಕೆ ಕನಿಷ್ಠ ಎಂಟು ಗಂಟೆಯಾದರೂ ಆಗಬೇಕು. ಒಂದು ಕುರ್ಚಿಗೆ ಮೂರೂವರೆ ನಾಲ್ಕು ಸಾವಿರ. ಆರೋಗ್ಯ ರಕ್ಷಾ ಸಮಿತಿಯಲ್ಲಿ ಎರಡು ಸಲ ಕಡತ ವಾಪಸ್ ಬಂತು; ಮೂರನೆಯ ಸಲ ತಾಯಿಯೊಬ್ಬಳನ್ನೇ ಸಭೆಯ ಕೋಣೆಗೆ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿದೆ, ಮಂಜೂರಾಯಿತು. ಎರಡನೆಯದು ಊಟ. ತಾಯಿಗೆ ಬಿಡುಗಡೆ ಚೀಟಿ ಬರೆದ ದಿನವೇ ಅವಳ ಊಟ ನಿಂತುಹೋಗುತ್ತದೆ, ಕೂಸು ಮಾತ್ರ ಇನ್ನೂ ಇಪ್ಪತ್ತು ದಿನ ಒಳಗಿರುತ್ತದೆ. ಆದ್ದರಿಂದ ಕೂಸು ಹೊರಡುವವರೆಗೂ ತಾಯಿಯನ್ನು ಒಳರೋಗಿಯಾಗಿಯೇ ಇಟ್ಟುಕೊಳ್ಳುವಂತೆ ಹೆರಿಗೆ ವಿಭಾಗದೊಂದಿಗೆ ಒಪ್ಪಂದ ಮಾಡಿಕೊಂಡೆವು. ಇದಕ್ಕೆ ಒಂದು ರೂಪಾಯಿಯೂ ಹೆಚ್ಚುವರಿಯಾಗಿ ಬೇಕಾಗಲಿಲ್ಲ, ಆದರೆ ಒಪ್ಪಿಸಲು ಆರು ತಿಂಗಳು ಹಿಡಿಯಿತು.

ಅಜ್ಜಿಯಂದಿರನ್ನು ಹೊರಗಿಟ್ಟು ಏನನ್ನೂ ಮಾಡಲಾಗದು. ಏಳು ತಿಂಗಳ ಕೂಸು ಬದುಕುತ್ತದೆ, ಎಂಟರದು ಉಳಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯೆಂದರೆ, ಎಂಟನೆಯ ತಿಂಗಳಲ್ಲಿ ಹುಟ್ಟಿದ 1.7 ಕೆ.ಜಿ.ಯ ಗಟ್ಟಿಮುಟ್ಟಾದ ಕೂಸಿಗೆ ಖರ್ಚು ಮಾಡಬೇಡವೆಂದು ಅತ್ತೆ ಮಗನಿಗೆ ಹೇಳುತ್ತಿರುತ್ತಾಳೆ. ವಾದ ಮಾಡಿದರೆ ಸೋಲು ಖಚಿತ. ನಾನು ಅವರನ್ನು ಏಳು ತಿಂಗಳ ಕೂಸಿನ ಮುಂದೆ ನಿಲ್ಲಿಸಿ ಅದರ ಪಕ್ಕೆ ಉಸಿರಿಗೆ ಹೇಗೆ ಒಳಸೇರುತ್ತದೆ ನೋಡಿರೆಂದು ತೋರಿಸುತ್ತೇನೆ, ಆಮೇಲೆ ಅವರ ಮೊಮ್ಮಗುವಿನ ಮುಂದೆ ನಿಲ್ಲಿಸುತ್ತೇನೆ. ಅತ್ತೆಯ ಜೊತೆಗಿನ ಮೊದಲ ಐದು ನಿಮಿಷಗಳಲ್ಲಿ ಇನ್ನೊಂದು ಮಾತನ್ನೂ ಆಡುತ್ತೇನೆ, ಅದು ನನ್ನ ಬಳಿಯೇ ಇರಲಿ. ಒಪ್ಪಿದ ಅಜ್ಜಿ ಮೂರು ಸ್ಟಾಫಿಗೆ ಸಮ. ತಾಯಿ ಮಲಗಿದಾಗ ಕೂಸನ್ನು ತನ್ನ ಎದೆಗೆ ಕಟ್ಟಿಕೊಂಡು ಕೂರುವವರು ಅವರೇ.

ತಂದೆಯಂದಿರ ವಿಷಯ ಬೇರೆ. ದಿನಗೂಲಿ ಐದಾರು ನೂರು ತಪ್ಪುತ್ತದೆ, ಹೊರಗಿನ ಊಟ ಚಹಾಕ್ಕೆ ಮುನ್ನೂರು ಹೋಗುತ್ತದೆ, ಹೀಗಾಗಿ ಐದಾರು ದಿನಗಳಲ್ಲಿ ಕಾಣೆಯಾಗುತ್ತಾರೆ. ಅವರಿಗೆ ರಾತ್ರಿ ಪಾಳಿ ಕೊಟ್ಟು ನೋಡಿದೆ: ಸಂಜೆ ಬಂದು ರಾತ್ರಿ ಮೂರು ತಾಸು ಎದೆಗೆ ಕೂಸು ಹಾಕಿಕೊಂಡು, ಬೆಳಗಿನ ಬಸ್ಸಿಗೆ ಕೆಲಸಕ್ಕೆ ಹೋಗುವುದು. ಹತ್ತಿರದ ಊರಿನವರಿಗೆ ಇದು ಚೆನ್ನಾಗಿ ಹೊಂದಿತು. ಗುಟ್ಕಾ ಉಗಿದು ಬಾಯಿ ಮುಕ್ಕಳಿಸಿ ಬಂದರೂ ಒಳಗೆ ಬಿಡುವುದಿಲ್ಲವೆಂಬ ನಿಯಮ ಮಾಡಿದ್ದರಿಂದ ಇಬ್ಬರು ಮೂವರು ಅದನ್ನೇ ಬಿಟ್ಟರು, ಅದು ನಾನು ಕೇಳದೆ ಬಂದ ಲಾಭ. ಅಪ್ಪನ ಎದೆಯ ಮೇಲಿದ್ದಾಗ ಕೂಸಿನ ತಾಪಮಾನ ಇಳಿಯುತ್ತದೆಯೇ ಎಂದು ಕೆಲವು ತಿಂಗಳು ಬರೆದಿಟ್ಟು ನೋಡಿದೆ. ಅಮ್ಮನಿಗೂ ಅಪ್ಪನಿಗೂ ವ್ಯತ್ಯಾಸ ಕಾಣಲಿಲ್ಲ. ಹಾಲು ಹಿಂಡುವಾಗ ಕೂಸಿನ ಟೋಪಿಯನ್ನು ತಾಯಿಯ ಮೂಗಿನ ಬಳಿ ಇರಿಸುವ ಪ್ರಯೋಗವನ್ನೂ ಮಾಡುತ್ತಿದ್ದೇನೆ. ಹಾಲು ಹೆಚ್ಚುತ್ತದೆಂದು ತಾಯಂದಿರು ಹೇಳುತ್ತಾರೆ, ನನ್ನ ಅಳತೆ ಇನ್ನೂ ಹಾಗೆ ಹೇಳುತ್ತಿಲ್ಲ.

ವಾಟ್ಸ್‌ಆ್ಯಪ್ ಗುಂಪು ಸೋತ ಕಡೆ ಗೆದ್ದದ್ದು ಗುರುವಾರದ ಭೇಟಿ. ತಪಾಸಣೆಗೆ ಬರುವ ಹಳೆಯ ಕೂಸುಗಳ ತಾಯಂದಿರನ್ನು ಒಂದು ಗಂಟೆ ಉಳಿಸಿಕೊಂಡು ಹೊಸಬರ ಪಕ್ಕ ಕೂರಿಸುತ್ತೇವೆ. ಬಸ್ ಚಾರ್ಜು ಮತ್ತು ಊಟವೆಂದು ತಲೆಗೆ ನೂರೈವತ್ತು ರೂಪಾಯಿ ಕೈಯಿಂದ ಹಾಕುತ್ತಿದ್ದೆ, ಈಗ ದಾನಿಗಳಿದ್ದಾರೆ. ಯಾರ ಪಕ್ಕ ಯಾರನ್ನು ಕೂರಿಸಬೇಕೆಂಬುದಕ್ಕೆ ನನ್ನದೇ ಲೆಕ್ಕವಿದೆ. ತೂಕ ಹೊಂದಿದರೆ ಸಾಲದು ಎಂದಷ್ಟೇ ಹೇಳುತ್ತೇನೆ.

ಎಲ್ಲ ಕೂಸುಗಳೂ ಉಳಿಯುವುದಿಲ್ಲ. ಕೂಸು ಹೋದ ತಾಯಿಯನ್ನು ಹಿಂದಿನ ಬಾಗಿಲಿಂದ ಕಳುಹಿಸುವ ರೂಢಿಯನ್ನು ನಿಲ್ಲಿಸಿದೆವು. ಪರದೆಯ ಹಿಂದೆ ಕೂಸನ್ನು ಅವಳ ಮಡಿಲಿಗೆ ಕೊಡುತ್ತೇವೆ, ಅವಸರ ಮಾಡುವುದಿಲ್ಲ. ಎದೆ ಕಟ್ಟಿಕೊಂಡರೆ ಏನು ಮಾಡಬೇಕೆಂದು ಹೇಳಿಕೊಡುವುದನ್ನು ದಯವಿಟ್ಟು ಮರೆಯಬೇಡಿ, ಏಕೆಂದರೆ ಹಾಲು ಬರುವುದು ಮನೆ ಮುಟ್ಟಿದ ಮೇಲೆ, ಕೇಳಲು ಅಲ್ಲಿ ಯಾರೂ ಇರುವುದಿಲ್ಲ.

ಮನೆಗೆ ಹೋದ ಮೇಲಿನ ಮೊದಲ ಹತ್ತು ದಿನಗಳೇ ನಿಜವಾದ ಪರೀಕ್ಷೆ. ತವರಿನಲ್ಲಿ ಎಣ್ಣೆ ಹಚ್ಚಿ ಎರೆಯುವವರು, ಘುಟ್ಟಿ ತೇಯುವವರು, ಓಣಿಯಲ್ಲಿ ಕತ್ತೆಯ ಹಾಲು ಮಾರುವವರು ಎಲ್ಲರೂ ಕಾದಿರುತ್ತಾರೆ. ಹುಟ್ಟಿದ ದಿನದಿಂದ ಎಣಿಸಿದರೆ ಆಶಾ ಕಾರ್ಯಕರ್ತೆಯ 42 ದಿನಗಳ ಮನೆಭೇಟಿಯಲ್ಲಿ ಬಹುಪಾಲು ನಮ್ಮ ಘಟಕದಲ್ಲೇ ಕಳೆದಿರುತ್ತದೆ. ಹೀಗಾಗಿ ಬಿಡುಗಡೆಯ ದಿನ ಆಶಾ ಅವರಿಗೆ ತಾಯಿಯ ಎದುರೇ ಫೋನ್ ಮಾಡಿ ಭೇಟಿಯ ದಿನಗಳನ್ನು ಗೊತ್ತುಮಾಡುತ್ತೇನೆ. ನಾನು ಮಾಡುವ ಫೋನಿನಲ್ಲಿ ‘ಕೂಸು ಹೇಗಿದೆ’ ಎಂದು ಕೇಳುವುದಿಲ್ಲ, ಕೇಳಿದರೆ ‘ಆರಾಮ ಐತ್ರಿ’ ಎಂಬುದೇ ಉತ್ತರ. ನಿನ್ನೆಯಿಂದ ಎಷ್ಟು ಸಲ ಉಚ್ಚೆ ಹೊಯ್ದಿದೆ, ಪಾದ ಹೇಗಿದೆ, ಈಗ ಯಾರ ಎದೆಯ ಮೇಲಿದೆ ಎಂದು ಕೇಳುತ್ತೇನೆ.

ಕಣ್ಣಿನ ತಪಾಸಣೆ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. 34 ವಾರದೊಳಗೆ ಅಥವಾ ಎರಡು ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿನ ಅಕ್ಷಿಪಟಲವನ್ನು (ಕಣ್ಣಿನ ಒಳಗೆ ಹಿಂಬದಿಯ ಪರದೆಯನ್ನು) ಮೂವತ್ತು ದಿನ ತುಂಬುವ ಮೊದಲೇ ನೋಡಿಸಬೇಕು, ತೀರ ಸಣ್ಣವಕ್ಕೆ ಇನ್ನೂ ಮುಂಚೆ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಎಂಬ ಈ ತಪಾಸಣೆಯ ಕಾರ್ಯಕ್ರಮ ಆರಂಭಿಸಿ, ತಂತ್ರಜ್ಞರ ಕೈಯಲ್ಲಿ ಕ್ಯಾಮೆರಾ ಕೊಟ್ಟು ಜಿಲ್ಲೆಗಳಿಗೆ ಕಳುಹಿಸಿದ್ದರಿಂದ ನಮ್ಮಂಥ ಕಡೆಯ ಎಷ್ಟೋ ಮಕ್ಕಳ ದೃಷ್ಟಿ ಉಳಿದಿದೆ. ಆದರೂ ‘ಕಣ್ಣು ಬಿಟ್ಟು ನೋಡುತ್ತದಲ್ಲ’ ಎಂದು ಬಾರದವರಿದ್ದರು. ಈಗ ತಪಾಸಣೆಯ ದಿನಾಂಕವನ್ನು ತೂಕದ ಪುಸ್ತಕದ ರಟ್ಟಿನ ಮೇಲೆ ಕೆಂಪಕ್ಷರದಲ್ಲಿ ತಂದೆಯಿಂದಲೇ ಬರೆಸುತ್ತೇನೆ. ತಪ್ಪಿಸುವವರು ವರ್ಷಕ್ಕೆ ಒಬ್ಬರೋ ಇಬ್ಬರೋ.

ಮೊದಲು ನಾಲ್ಕರಲ್ಲಿ ಒಂದು ಕುಟುಂಬ ಮಾತ್ರ ಮೂರು ತಿಂಗಳ ತಪಾಸಣೆಗೆ ಬರುತ್ತಿತ್ತು, ಈಗ ನಾಲ್ಕರಲ್ಲಿ ಮೂರು ಬರುತ್ತವೆ. ಸಲಹೆ ಮೀರಿ ಬಿಡುಗಡೆ ಕೇಳುವವರು ಬೆರಳೆಣಿಕೆಗೆ ಇಳಿದಿದ್ದಾರೆ. ಸೋಂಕಿನ ಭಯ ಹೇಳಿದ್ದ ವೈದ್ಯರು ಬೇರೆ ಜಿಲ್ಲೆಯಿಂದ ಬಂದ ತಂಡಕ್ಕೆ ನಮ್ಮ ಕುರ್ಚಿಗಳನ್ನು ತಾವೇ ಮುಂದೆ ನಿಂತು ತೋರಿಸಿದರು, ನಾನು ಸುಮ್ಮನೆ ಹಿಂದೆ ನಿಂತಿದ್ದೆ. ಬಗೆಹರಿಯದೆ ಉಳಿದಿರುವುದು ಶೌಚಾಲಯ: ಘಟಕ ಮೊದಲ ಮಹಡಿಯಲ್ಲಿ, ತಾಯಂದಿರ ಶೌಚಾಲಯ ಕೆಳಗೆ, ಸಿಸೇರಿಯನ್ ಆದವಳು ಇಪ್ಪತ್ತು ಮೆಟ್ಟಿಲು ಇಳಿದು ಹತ್ತಬೇಕಾದ್ದರಿಂದ ನೀರು ಕುಡಿಯುವುದನ್ನೇ ಬಿಡುತ್ತಾಳೆ, ಹಾಲು ತಗ್ಗುತ್ತದೆ. ನಿಮ್ಮ ಕಡೆ ಹೊಸ ತಾಯಿ-ಮಕ್ಕಳ ಆಸ್ಪತ್ರೆಯ ನಕ್ಷೆ ಇನ್ನೂ ಮೇಜಿನ ಮೇಲಿದ್ದರೆ, ಎಂಜಿನಿಯರ್ ಸಹಿ ಹಾಕುವ ಮುನ್ನ ಇದೊಂದನ್ನು ಹೇಳಿಬಿಡಿ.