ಥರ್ಮಾಮೀಟರ್ ಹಿಡಿದು ಕರಗಿಸಲು ಕೂತರೆ

ಚಾಕೊಲೇಟಿಗೆ ಬೇಕು ಅಂತ ಒಂದು ಚುಚ್ಚುವ ಥರ್ಮಾಮೀಟರ್ ತಂದೆ. ಆಮೇಲೆ ಮನೆಯಲ್ಲಿ ಕರಗುವಂಥ ಯಾವುದನ್ನೂ ಬಿಡಲಿಲ್ಲ. ಐಸ್, ಬೆಣ್ಣೆ, ಮೇಣ, ಎಲ್ಲದರೊಳಗೂ ಅದನ್ನು ಇಳಿಸಿ ನೋಡಿದ್ದಾಯಿತು. ಕರಗಿಸೋದು ಅಂದರೆ ಸುಮ್ನೆ ಬಿಸಿ ಮಾಡೋದು ತಾನೇ ಅನ್ನುವವರು ಒಮ್ಮೆ ಹೀಗೆ ಕೂತು ನೋಡಬೇಕು.

ಐಸಿನಿಂದ ಶುರು ಮಾಡಿದರೆ ಒಳ್ಳೆಯದು, ಹಾಳಾಗುವ ಭಯ ಇಲ್ಲ. ಪಾತ್ರೆಯಲ್ಲಿ ಪುಡಿ ಮಾಡಿದ ಐಸು, ಸ್ವಲ್ಪ ನೀರು, ಸಣ್ಣ ಉರಿ. ಕಲಕುತ್ತಾ ಇರಬೇಕು. ಒಲೆ ಉರಿಯುತ್ತಿದೆ, ಶಾಖ ಒಳಗೆ ಹೋಗುತ್ತಲೇ ಇದೆ, ಆದರೆ ಥರ್ಮಾಮೀಟರ್ 0 ಡಿಗ್ರಿ ಸೆಲ್ಸಿಯಸ್ ಬಿಟ್ಟು ಹೆಚ್ಚುಕಡಿಮೆ ಕದಲುವುದೇ ಇಲ್ಲ. ಕೊನೆಯ ಚೂರುಗಳು ಮಾಯವಾಗುವ ಹೊತ್ತಿಗೆ ಸಂಖ್ಯೆ ಸರಸರ ಏರತೊಡಗುತ್ತದೆ. ಅಲ್ಲಿಯತನಕ ಹೋದ ಶಾಖವೆಲ್ಲ ಐಸಿನ ಕಟ್ಟು ಬಿಡಿಸುವುದಕ್ಕೇ ಖರ್ಚಾಗಿರುತ್ತದೆ. ಒಂದು ಗ್ರಾಂ ಐಸ್ ಕರಗಿಸಲು 334 ಜೂಲ್ ಬೇಕು. ಅಷ್ಟೇ ಶಾಖ ಒಂದು ಗ್ರಾಂ ತಣ್ಣೀರಿಗೆ ಕೊಟ್ಟಿದ್ದರೆ ಅದು 0ಯಿಂದ ಸುಮಾರು 80 ಡಿಗ್ರಿಗೆ ಹೋಗುತ್ತಿತ್ತು!

ಇದನ್ನು 1760ರ ಆಸುಪಾಸಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಅನ್ನುವ ವಿಜ್ಞಾನಿ ಅಳೆದು ತೋರಿಸಿದ. ಶಾಲೆಯಲ್ಲಿ ಗುಪ್ತೋಷ್ಣ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಅವನ ವಾದ ನನಗೆ ಬಹಳ ಇಷ್ಟ: ಕರಗಲು ಇಷ್ಟೊಂದು ಶಾಖ ಬೇಕಿಲ್ಲದೇ ಇದ್ದಿದ್ದರೆ, ಚಳಿಗಾಲ ಮುಗಿದು ಗಾಳಿ ಸ್ವಲ್ಪ ಬೆಚ್ಚಗಾದ ಕೂಡಲೇ ಬೆಟ್ಟದ ಹಿಮವೆಲ್ಲ ಒಂದೇ ಸಲ ನೀರಾಗಿ ಊರುಗಳನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಹಾಗಾಗದೆ ಹಿಮ ವಾರಗಟ್ಟಲೆ ನಿಧಾನವಾಗಿ ಇಳಿದು ನದಿ ತುಂಬುತ್ತದೆ.

ಚಾಕೊಲೇಟಿನ ಕಥೆ ಬೇರೆ. ಅದನ್ನು ಕರಗಿಸುವುದು ಸುಲಭ, ಮತ್ತೆ ಸರಿಯಾಗಿ ಗಟ್ಟಿಯಾಗಿಸುವುದೇ ಕಷ್ಟ. ಅದರಲ್ಲಿರುವ ಕೋಕೋ ಬೆಣ್ಣೆ ಆರು ಥರದ ಹರಳುಗಳಾಗಿ ಗಟ್ಟಿಯಾಗಬಲ್ಲದು. ನಮಗೆ ಬೇಕಾದ್ದು ಐದನೆಯದು. ಅದು ಕರಗುವುದು ಸುಮಾರು 34 ಡಿಗ್ರಿಯಲ್ಲಿ, ಅಂದರೆ ಬಾಯಿಯ ಬಿಸಿಗಿಂತ ತುಸು ಕಡಿಮೆ. ಹಾಗಾಗಿ ಅಂಥ ಚಾಕೊಲೇಟ್ ಮುರಿದರೆ ಟಕ್ ಅನ್ನುತ್ತದೆ, ನಾಲಿಗೆ ಮೇಲೆ ಇಟ್ಟರೆ ಕರಗುತ್ತದೆ. ಉಳಿದ ಹರಳು ಜಾಸ್ತಿಯಾದರೆ ಬೆರಳಿಗೆ ಅಂಟುತ್ತದೆ, ಮಂಕಾಗುತ್ತದೆ, ಆಮೇಲೆ ಬಿಳಿ ಕಲೆ ಏಳುತ್ತದೆ.

ನಾನು ಮಾಡುವುದು ಹೀಗೆ. ಡಾರ್ಕ್ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ ಮುಕ್ಕಾಲು ಭಾಗ ಬಟ್ಟಲಿಗೆ ಹಾಕುತ್ತೇನೆ. ಕೆಳಗಿನ ಪಾತ್ರೆಯಲ್ಲಿ ಬಿಸಿನೀರು, ಬಟ್ಟಲಿನ ತಳ ಅದಕ್ಕೆ ತಾಕಬಾರದು, ಉರಿ ಆರಿಸಿರಬೇಕು. 45 ದಾಟುತ್ತಿದ್ದಂತೆ ಕೆಳಗಿಳಿಸುತ್ತೇನೆ. ಇಷ್ಟು ಬಿಸಿಗೆ ಹಳೆಯ ಹರಳುಗಳೆಲ್ಲ ಅಳಿಸಿಹೋಗಿರುತ್ತವೆ. ಆಗ ಉಳಿದ ಕಾಲು ಭಾಗದ ಚೂರುಗಳನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಕುತ್ತಾ 31-32ಕ್ಕೆ ತರುತ್ತೇನೆ. ಆ ಚೂರುಗಳಲ್ಲಿ ಒಳ್ಳೆಯ ಹರಳು ಮೊದಲೇ ಇರುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆ, ಅದನ್ನು ನೋಡಿಕೊಂಡು ಮಿಕ್ಕಿದ್ದೂ ಅದೇ ದಾರಿ ಹಿಡಿಯುತ್ತದೆ. ಆಮೇಲೆ 34 ದಾಟಿತೋ, ಹೆಪ್ಪೇ ಕರಗಿಹೋಯಿತು, ಮತ್ತೆ ಮೊದಲಿನಿಂದ ಶುರು. ಸರಿಯಾಗಿದೆಯಾ ಅಂತ ತಿಳಿಯಲು ಚಾಕುವಿನ ತುದಿ ಅದ್ದಿ ಪಕ್ಕಕ್ಕಿಡಿ. ತಂಪಾದ ಕೋಣೆಯಲ್ಲಿ ಐದು ನಿಮಿಷದೊಳಗೆ ಅಂಚಿನಿಂದ ಒಳಕ್ಕೆ ಹೊಳಪಾಗಿ ಬಿಗಿಯುತ್ತಾ ಬಂದರೆ ಸೈ.

ನೀರು ಮಾತ್ರ ಹತ್ತಿರ ಸುಳಿಯಬಾರದು. ಮುಚ್ಚಳದಿಂದ ಒಂದೆರಡು ಹನಿ ಆವಿನೀರು ಬಿದ್ದರೂ ಸಾಕು, ನುಣ್ಣಗಿದ್ದದ್ದು ತಟಕ್ಕನೆ ಗಂಟು ಕಟ್ಟುತ್ತದೆ. ಒಳಗಿನ ಸಕ್ಕರೆ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುವುದೇ ಕಾರಣ. ತಮಾಷೆ ಅಂದರೆ ಇನ್ನೂ ಜಾಸ್ತಿ ಬಿಸಿನೀರೋ ಕ್ರೀಮೋ ಹಾಕಿ ಕಲಕಿದರೆ ಅದು ಮತ್ತೆ ಸಡಿಲವಾಗುತ್ತದೆ. ಅಚ್ಚಿಗೆ ಬರುವುದಿಲ್ಲ, ಸಾಸ್ ಆಗುತ್ತದೆ.

ಬೆಣ್ಣೆಗೆ ಐಸಿನ ಹಾಗೆ ಒಂದೇ ಕರಗುವ ಬಿಂದು ಅಂತ ಇಲ್ಲ. ಹಲವು ಬಗೆಯ ಕೊಬ್ಬಿನ ಮಿಶ್ರಣ ಅದು, ಒಂದು ಕರಗುವಾಗ ಇನ್ನೊಂದು ಗಟ್ಟಿಯೇ ಇರುತ್ತದೆ. ಅದಕ್ಕೇ ಅದು ಮೊದಲು ಮೆತ್ತಗಾಗಿ, 35ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ಕೇಕಿಗೆ ಸಕ್ಕರೆ ಜೊತೆ ಬೆಣ್ಣೆ ನೊರೆ ಬರುವಂತೆ ತಿರುವುವಾಗ ಗಾಳಿಯನ್ನು ಹಿಡಿದಿಡುವುದು ಗಟ್ಟಿ ಉಳಿದ ಆ ಹರಳುಗಳೇ. ಪೂರ್ತಿ ಕರಗಿಸಿ ಫ್ರಿಜ್ಜಿನಲ್ಲಿಟ್ಟು ವಾಪಸ್ ತೆಗೆದರೆ ಮೊದಲಿನ ಬೆಣ್ಣೆ ಸಿಗುವುದಿಲ್ಲ. ಒಳಗಿದ್ದ ನೀರು ಬೇರ್ಪಟ್ಟು ಕೆಳಗೆ ನಿಂತಿರುತ್ತದೆ, ಮೇಲಿನದು ತರಿತರಿ.

ಮೇಣವನ್ನೂ ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕರಗಿಸಿ, ನೇರ ಉರಿ ಬೇಡವೇ ಬೇಡ. ನೀರು 100 ದಾಟುವುದಿಲ್ಲ, ಹಾಗಾಗಿ ಮೇಣವೂ ದಾಟುವುದಿಲ್ಲ. ಆದರೂ ಹೊತ್ತಿಕೊಂಡರೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕು, ನೀರು ಎರಚಬಾರದು. ಮೇಣ ಕರಗಿಸುವಾಗ ಒಂದು ಗಮನಿಸಿ: ಗಟ್ಟಿ ಚೂರುಗಳು ಕರಗಿದ ಮೇಣದಲ್ಲಿ ತಳ ಸೇರುತ್ತವೆ. ಜಗತ್ತಿನ ಹೆಚ್ಚಿನ ವಸ್ತುಗಳು ಹೀಗೆಯೇ. ತೇಲುವ ಐಸೇ ವಿಚಿತ್ರ. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಮೇಣ ಕುಗ್ಗುತ್ತದೆ. ಅಚ್ಚಿಗೆ ಸುರಿದ ಮೇಣದಬತ್ತಿ ತಣಿದು ಗಟ್ಟಿಯಾಗುವಾಗ ಬತ್ತಿಯ ಸುತ್ತ ಗುಂಡಿ ಬೀಳುವುದು ಇದರಿಂದಲೇ. ನಾನು ಸ್ವಲ್ಪ ಮೇಣ ಉಳಿಸಿಕೊಂಡಿದ್ದು ಆಮೇಲೆ ಗುಂಡಿಗೆ ಸುರಿಯುತ್ತೇನೆ.

ಮನೆಗೆ ಬಂದವರಿಗೆಲ್ಲ ಒಂದು ಪಂದ್ಯ ಕಟ್ಟುತ್ತೇನೆ. ಎರಡು ಲೋಟ, ಒಂದೇ ಬಿಸಿಯ ನೀರು, ಒಂದಕ್ಕೆ ಉಪ್ಪು ಕದಡಿರುತ್ತದೆ. ಎರಡಕ್ಕೂ ಒಂದೊಂದು ಐಸ್ ತುಂಡು ಬಿಟ್ಟರೆ ಯಾವುದು ಬೇಗ ಕರಗುತ್ತದೆ? ರಸ್ತೆ ಮೇಲಿನ ಹಿಮಕ್ಕೆ ಉಪ್ಪು ಹಾಕುವುದನ್ನು ಕೇಳಿದವರು ಉಪ್ಪುನೀರೇ ಅನ್ನುತ್ತಾರೆ. ಗೆಲ್ಲುವುದು ಸಾದಾ ನೀರು. ಬಣ್ಣ ಬೆರೆಸಿದ ಐಸ್ ಇಟ್ಟರೆ ಗುಟ್ಟು ಕಣ್ಣಿಗೇ ಕಾಣುತ್ತದೆ. ಸಾದಾ ನೀರಿನಲ್ಲಿ ಕರಗಿದ ತಣ್ಣೀರು ಎಳೆಎಳೆಯಾಗಿ ಕೆಳಗಿಳಿಯುತ್ತದೆ, ಅದರ ಜಾಗಕ್ಕೆ ಬೆಚ್ಚನೆ ನೀರು ಬರುತ್ತದೆ. ಉಪ್ಪುನೀರು ಭಾರ, ಕರಗಿದ ಸಿಹಿನೀರು ಅದರೊಳಗೆ ಇಳಿಯಲಾರದೆ ಐಸಿನ ಸುತ್ತಲೇ ತಣ್ಣನೆಯ ಪದರವಾಗಿ ಕೂತುಬಿಡುತ್ತದೆ. ಸೋತವರು ಚಮಚ ಹಾಕಿ ಕಲಕಲು ಹೊರಟರೆ ಮಾತ್ರ ತಡೆಯಿರಿ. ಪದರ ಒಡೆದರೆ ಅಲ್ಲೂ ಸರಸರ ಕರಗಿ ನಿಮ್ಮ ಪಂದ್ಯ ಕೆಡುತ್ತದೆ.