ಎರಡನೇ ಆಲ್ಬಮ್‌ಗೆ ನಾನು ಕಿವಿಗೊಟ್ಟ ಬಗೆ

ದಾವಣಗೆರೆಯಲ್ಲಿ ಬೀಟ್ ಮಾಡುವವರು ನಾವು ಕೆಲವರಿದ್ದೇವೆ. ಮದುವೆಗೆ ಡಿಜೆ ಹಾಕುವವರು, ರ‍್ಯಾಪ್ ಬರೆಯುವ ಕಾಲೇಜು ಹುಡುಗರು, ಕಿರುಚಿತ್ರಕ್ಕೆ ಸಂಗೀತ ಕೊಡುವ ನನ್ನಂಥವರು. ಆಗಾಗ ಯಾರದಾದರೂ ರೂಮಿನಲ್ಲಿ ಸೇರಿ ಒಂದು ಆಲ್ಬಮ್ ಪೂರ್ತಿ ಕೇಳುತ್ತೇವೆ. ಒಬ್ಬರು ಅದರ ಬಗ್ಗೆ ಮಾತಾಡಬೇಕು, ಉಳಿದವರು ವಾದ ಮಾಡಬೇಕು. ನನ್ನ ಪಾಲಿಗೆ ಬಂದದ್ದು ಅಮೆರಿಕದ ಡಿಜೆ ಶ್ಯಾಡೋ ಅವರ ಎರಡನೇ ಆಲ್ಬಮ್ ‘ದಿ ಪ್ರೈವೇಟ್ ಪ್ರೆಸ್’, 2002ರದ್ದು. ಹೆಸರು ಹೇಳಿದ ತಕ್ಷಣ ಒಬ್ಬ ಹುಡುಗ, "ಮೊದಲನೇದರ ಹತ್ತಿರಕ್ಕೂ ಬರಲ್ಲ ಬಿಡಿ" ಅಂದ. ಈ ಮಾತು ನಾನು ಎಷ್ಟೋ ಕಡೆ ಓದಿದ್ದೇನೆ, ಕೇಳಿದ್ದೇನೆ. ಅದು ನಿಜವಾ ಅಂತ ಸರಿಯಾಗಿ ನೋಡಬೇಕು ಅನ್ನಿಸಿತು.

ಮೊದಲನೆಯದರ ಭಾರ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಎರಡನೆಯದರ ಕಷ್ಟ ಅರ್ಥವಾಗುವುದಿಲ್ಲ. ಶ್ಯಾಡೋ ಅಂದರೆ ಕ್ಯಾಲಿಫೋರ್ನಿಯಾದ ಡೇವಿಸ್ ಎಂಬ ಊರಿನಲ್ಲಿ ಬೆಳೆದ ಜಾಶ್ ಡೇವಿಸ್. 1996ರಲ್ಲಿ ಮೋ ವ್ಯಾಕ್ಸ್ ಕಂಪನಿಯಿಂದ ಅವರ ‘ಎಂಡ್‌ಟ್ರೊಡ್ಯೂಸಿಂಗ್’ ಬಂತು. ಹಾಡುಗಾರ ಇಲ್ಲ, ರ‍್ಯಾಪರ್ ಇಲ್ಲ, ವಾದ್ಯ ನುಡಿಸುವ ತಂಡ ಇಲ್ಲ. ಹಳೇ ರೆಕಾರ್ಡುಗಳಿಂದ ಕತ್ತರಿಸಿ ತೆಗೆದ ತುಣುಕುಗಳನ್ನೇ, ಅಂದರೆ ಸ್ಯಾಂಪಲ್‌ಗಳನ್ನೇ, ಜೋಡಿಸಿ ಇಡೀ ಆಲ್ಬಮ್ ಕಟ್ಟಿದರು. ಪೂರ್ತಿ ಸ್ಯಾಂಪಲ್‌ಗಳಿಂದಲೇ ಆದ ಮೊದಲ ಆಲ್ಬಮ್ ಅಂತ ಗಿನ್ನೆಸ್ ದಾಖಲೆಯೂ ಸೇರಿತು. ಒಂದು ಟರ್ನ್‌ಟೇಬಲ್, ಅಕಾಯ್ ಎಂಪಿಸಿ 60 ಎಂಬ ಸ್ಯಾಂಪ್ಲರ್ (ಶಬ್ದದ ತುಣುಕು ಹಿಡಿದು ನುಡಿಸುವ ಯಂತ್ರ), ಒಂದು ಟೇಪ್ ರೆಕಾರ್ಡರ್. ಹೆಚ್ಚು ಕಡಿಮೆ ಇಷ್ಟೇ ಸಾಮಾನು.

ಆ ಎಂಪಿಸಿ 60ರ ಬಗ್ಗೆ ಸ್ವಲ್ಪ ಹೇಳಲೇಬೇಕು. 1988ರಲ್ಲಿ ಬಂದ ಯಂತ್ರ. ಬೆರಳಿನಿಂದ ಬಡಿಯಲು 16 ರಬ್ಬರ್ ಪ್ಯಾಡ್, ಇವತ್ತಿನದಕ್ಕಿಂತ ಒರಟಾದ 12 ಬಿಟ್ ದನಿ. ಮೆಮೊರಿ ವಿಸ್ತರಿಸದಿದ್ದರೆ ಸುಮಾರು 13 ಸೆಕೆಂಡಿನ ಶಬ್ದ ಮಾತ್ರ ಹಿಡಿಯುತ್ತದೆ, ವಿಸ್ತರಿಸಿದರೆ ಅದರ ಎರಡರಷ್ಟು. ಈಗ ನಮ್ಮ ಫೋನಿನಲ್ಲೇ ಗಂಟೆಗಟ್ಟಲೆ ರೆಕಾರ್ಡ್ ಆಗುತ್ತದೆ. ಆ ಕಾಲದವರು ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಹಿಡಿಯುತ್ತಿದ್ದರು, ಆಮೇಲೆ ಯಂತ್ರದಲ್ಲಿ ನಿಧಾನ ಮಾಡುತ್ತಿದ್ದರು. ಹಾಗೆ ಮಾಡಿದಾಗ ದನಿಗೆ ಒಂದು ಒರಟು, ಒಂದು ಮಬ್ಬು ಬರುತ್ತದೆ. ಆ ಕಾಲದ ಹಿಪ್ ಹಾಪ್ ದನಿಯಲ್ಲಿ ನಮಗೆ ಹಿಡಿಸುವ ಮಂಜಿನಲ್ಲಿ ಒಂದು ಪಾಲು ಈ ಇಕ್ಕಟ್ಟಿನಿಂದಲೇ ಬಂದದ್ದು.

ಎರಡನೇ ಆಲ್ಬಮ್‌ಗೆ ಆರು ವರ್ಷ ಹಿಡಿಯಿತು. ನಡುವೆ ಅವರು ಸುಮ್ನೆ ಕೂತಿರಲಿಲ್ಲ. 1998ರಲ್ಲಿ ಜೇಮ್ಸ್ ಲವೆಲ್ ಜೊತೆ ಅಂಕಲ್ ತಂಡದ ಆಲ್ಬಮ್, 1999ರಲ್ಲಿ ಕಟ್ ಕೆಮಿಸ್ಟ್ ಎಂಬ ಇನ್ನೊಬ್ಬ ಡಿಜೆ ಜೊತೆ ‘ಬ್ರೈನ್‌ಫ್ರೀಜ್’. ಆದರೆ ಜನ ಕಾಯುತ್ತಿದ್ದದ್ದು ಇನ್ನೊಂದು ‘ಎಂಡ್‌ಟ್ರೊಡ್ಯೂಸಿಂಗ್’ಗೆ.

ಹಾಗಾಗಿ ಮೊದಲು ನನ್ನ ನಿರೀಕ್ಷೆಯನ್ನೇ ಹೊರಗೆ ತೆಗೆದಿಟ್ಟೆ. ಮೊದಲ ಆಲ್ಬಮ್ ಕೇಳುತ್ತಾ, ಇದರಲ್ಲಿ ನನಗೆ ಏನು ಇಷ್ಟ ಅಂತ ನೋಟ್‌ಬುಕ್‌ನಲ್ಲಿ ಬರೆದೆ. ಮಧ್ಯರಾತ್ರಿಯ ವಾತಾವರಣ. ಎಲ್ಲಿಂದಲೋ ತೇಲಿ ಬರುವ ಪಿಯಾನೊ. ಒಬ್ಬ ನಿಜವಾದ ಡ್ರಮ್ಮರ್ ನುಡಿಸಿದಂತೆ ಜೀವ ಇರುವ ಡ್ರಮ್. ಹಾಡಿನಿಂದ ಹಾಡಿಗೆ ಒಂದೇ ಉಸಿರು. ಬರೆದ ಮೇಲೆ ಆ ಪುಟ ಮಡಚಿ ಪಕ್ಕಕ್ಕಿಟ್ಟೆ. ಅದರಲ್ಲಿರುವ ‘ಮಿಡ್‌ನೈಟ್ ಇನ್ ಎ ಪರ್ಫೆಕ್ಟ್ ವರ್ಲ್ಡ್’ ಹಾಡು ಕೊಡುವ ಅನುಭವವನ್ನು ಬೇರೆ ಆಲ್ಬಮ್ ಹತ್ತಿರ ಕೇಳುವುದು ನ್ಯಾಯ ಅಲ್ಲ. ಆ ಹಾಡು ಬೇಕಾದರೆ ಆ ಹಾಡೇ ಇದೆ. ಎರಡನೇ ಆಲ್ಬಮ್ ಹತ್ತಿರ ಕೇಳಬೇಕಾದ ಪ್ರಶ್ನೆ ಬೇರೆ. ಈ ಮನುಷ್ಯನ ಗಮನ ಈಗ ಎಲ್ಲಿದೆ? ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದನಾ?

ಆಮೇಲೆ ಕೈಯಿಂದ ಕೇಳಿದೆ. ಇದು ನಮ್ಮಂಥವರಿಗೆ ಇರುವ ಒಂದು ಅನುಕೂಲ. ಹಾಡು ಅರ್ಥವಾಗದಿದ್ದರೆ ಅದೇ ರೀತಿ ಒಂದು ಮಾಡಿ ನೋಡಬಹುದು.

ಅದಕ್ಕೆ ಎರಡನೇ ಆಲ್ಬಮ್ಮಿನಿಂದ ಆರಿಸಿಕೊಂಡದ್ದು ‘ಮೊನೊಸಿಲಬಿಕ್’. ಒಂದೇ ಒಂದು ಪುಟ್ಟ ಡ್ರಮ್ ಲೂಪ್ (ಮತ್ತೆ ಮತ್ತೆ ಸುತ್ತುವ ತುಣುಕು) ತೆಗೆದುಕೊಂಡು, ಅದನ್ನೇ ಹಿಂಡಿ, ಎಳೆದು, ತಿರುಚಿ ಇಡೀ ಹಾಡು ಮಾಡಿದ್ದಾರೆ. ಬೇರೆ ಯಾವ ಶಬ್ದವೂ ಇಲ್ಲ. ನನ್ನ ಹತ್ತಿರ ವೀರಗಾಸೆ ತಂಡವೊಂದರ ಸಮಾಳದ ರೆಕಾರ್ಡಿಂಗ್ ಇತ್ತು. ಕೇಳಿ, ಒಪ್ಪಿಗೆ ಪಡೆದು ನಾನೇ ಹಿಡಿದದ್ದು. ಅದರಲ್ಲಿ ಎರಡು ಆವರ್ತ ಕತ್ತರಿಸಿ, ಇಷ್ಟರಲ್ಲೇ ಎಲ್ಲ ಮಾಡಬೇಕು ಅಂತ ಕೂತೆ.

ಡ್ರಮ್ಮಿನಿಂದ ಸ್ವರ ಹೇಗೆ ಬರುತ್ತದೆ ಅಂತ ಕೆಲವರು ಕೇಳಿದ್ದರು. ಒಂದು ಪೆಟ್ಟಿನ ಬಾಲವನ್ನು 10 ಮಿಲಿಸೆಕೆಂಡಿಗೆ ಕತ್ತರಿಸಿ ಸುತ್ತಿಸಿದರೆ, ಆ ಚೂರು ಸೆಕೆಂಡಿಗೆ 100 ಸಲ ತಿರುಗುತ್ತದೆ. ಅಂದರೆ 100 ಹರ್ಟ್ಸ್‌ನ ಸ್ವರ. ಕಿವಿಗೆ ಅದು ಪೆಟ್ಟಾಗಿ ಉಳಿಯುವುದಿಲ್ಲ, ಬೇಸ್ ಆಗಿ ಕೇಳುತ್ತದೆ. ಚೂರು ಇನ್ನೂ ಚಿಕ್ಕದಾದರೆ ಸ್ವರ ಮೇಲಕ್ಕೇರುತ್ತದೆ. ಪೆಟ್ಟನ್ನು ಹಿಂದುಮುಂದು ಮಾಡಿದರೆ ಉಸಿರು ಒಳಗೆ ಎಳೆದುಕೊಂಡ ಹಾಗಿರುತ್ತದೆ. ಹೀಗೆ ಸಮಾಳದಿಂದಲೇ ಬೇಸ್, ಸಮಾಳದಿಂದಲೇ ತಂತಿಯಂಥ ದನಿ, ಸಮಾಳದಿಂದಲೇ ಗಾಳಿ. ರಾತ್ರಿಗಳು ಹೋದವು. ಒಂದು ನಿಮಿಷದಷ್ಟು ಸಂಗೀತ ಬಂತು, ನನಗೆ ಇಷ್ಟವೂ ಆಯಿತು.

ಅಷ್ಟು ಮಾಡಿದ ಮೇಲೆ ‘ಮೊನೊಸಿಲಬಿಕ್’ ಮತ್ತೆ ಕೇಳಿದೆ. ಕೆಲಸದ ಬಗ್ಗೆ ಗೌರವ ಹತ್ತು ಪಟ್ಟಾಯಿತು. ಒಂದೊಂದು ಸೆಕೆಂಡಿನ ಹಿಂದೆ ಎಷ್ಟು ಹೊತ್ತು ಕೂತಿರಬೇಕು ಅಂತ ಈಗ ಗೊತ್ತು. ಆದರೂ ಆಲ್ಬಮ್ಮಿನಲ್ಲಿ ನನಗೆ ಬೇಗ ಸಾಕಾಗುವ ಹಾಡು ಅದೇ. ಮೊದಲ ಸಲ ಬೆರಗು. ತಂತ್ರ ತಿಳಿದ ಮೇಲೆ ಮತ್ತೆ ಕರೆಯುವಂಥದ್ದು ಅದರಲ್ಲಿ ಕಡಿಮೆ. ಶ್ರಮ ನೋಡಿ ಅಂಕ ಕೊಡಬಾರದು ಅಂತ ನನ್ನ ಅಭಿಪ್ರಾಯ. ಕೇಳುವಾಗ ಒಳಗೆ ಏನಾಯಿತು ಅನ್ನುವುದಕ್ಕೇ ಅಂಕ.

‘ಸಿಕ್ಸ್ ಡೇಸ್’ ಇದಕ್ಕೆ ತಲೆಕೆಳಗು. 1971ರಲ್ಲಿ ಕರ್ನಲ್ ಬ್ಯಾಗ್‌ಶಾಟ್ ಎಂಬ ಲಿವರ್‌ಪೂಲ್ ತಂಡ ಹಾಡಿದ ಯುದ್ಧದ ಹಾಡು ಅದರ ಮೂಲ. ಸೋಮವಾರ ನಾಯಕರ ಮಾತುಕತೆ, ಒಂದೊಂದು ದಿನ ಕಳೆದಂತೆ ಸಾವು ಹತ್ತಿರ. ಶ್ಯಾಡೋ ಅದರ ಗಾಯನವನ್ನು ಬಹಳಷ್ಟು ಹಾಗೇ ಇಟ್ಟುಕೊಂಡು, ಕೆಳಗೆ ಹೊಸ ನಡಿಗೆ ಹಾಕಿದ್ದಾರೆ. ಇದರ ವಿಡಿಯೊ ಮಾಡಿದ್ದು ಹಾಂಗ್‌ಕಾಂಗಿನ ನಿರ್ದೇಶಕ ವಾಂಗ್ ಕರ್ ವಾಯ್. ನಮ್ಮ ಗುಂಪಿನಲ್ಲಿ ದೊಡ್ಡ ವಾದ ನಡೆದದ್ದು ಇಲ್ಲೇ. "ಇನ್ನೊಬ್ಬರ ಹಾಡಿಗೆ ಡ್ರಮ್ ಹಾಕಿದರೆ ಅದು ರೀಮಿಕ್ಸ್ ಅಷ್ಟೇ, ಇದರಲ್ಲಿ ಇವರದೇನು?" ಅಂತ ಒಬ್ಬರು ಪಟ್ಟು ಹಿಡಿದರು. ಕೆಲಸ ಕಡಿಮೆ ಅನ್ನುವುದು ನಿಜ. ಆದರೆ ಎಷ್ಟು ಬಿಡಬೇಕು ಅಂತ ತಿಳಿಯುವುದೂ ಕೆಲಸವೇ. ಆ ದನಿಯನ್ನು ಚೂರು ಚೂರು ಮಾಡಿದ್ದರೆ ದಿನಗಳ ಎಣಿಕೆ ಒಡೆದುಹೋಗುತ್ತಿತ್ತು, ಹಾಡಿನ ಭಯವೇ ಇರುತ್ತಿರಲಿಲ್ಲ. ಮೊದಲ ಆಲ್ಬಮ್ಮಿನ ಶ್ಯಾಡೋ ಇಷ್ಟು ಉದ್ದದ ಗಾಯನಕ್ಕೆ ಜಾಗ ಬಿಟ್ಟುಕೊಡಲಿಲ್ಲ. ಅಲ್ಲಿ ದನಿಗಳು ಒಂದು ಸಾಲು ಹೇಳಿ ಮಾಯವಾಗುತ್ತವೆ. ಇಲ್ಲಿ ದನಿ ನಿಂತು ಪೂರ್ತಿ ಮಾತಾಡುತ್ತದೆ.

ನನಗೆ ಆಲ್ಬಮ್ಮಿನ ಬಾಗಿಲು ತೆರೆದದ್ದು ಇಲ್ಲಿಂದಲೇ. ದನಿಗಳನ್ನು ಹಿಂಬಾಲಿಸಿದೆ. ಆಲ್ಬಮ್ ಶುರುವಾಗುವುದೂ ಮುಗಿಯುವುದೂ ಒಂದು ಸಣ್ಣ ತುಣುಕಿನಿಂದ, ಮನೆಗೆ ಬರೆದ ಪತ್ರದ ಹಾಗೆ. ಹಿಂದೆ ಅಮೆರಿಕದಲ್ಲಿ ಜನ ತಮ್ಮ ಮಾತನ್ನೇ ಸಣ್ಣ ರೆಕಾರ್ಡಿನಲ್ಲಿ ಮುದ್ರಿಸಿ ಮನೆಯವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಂಗಡಿಯಲ್ಲಿ ಮಾರಲು ಮಾಡಿದ್ದಲ್ಲ. ಅಂಥ ರೆಕಾರ್ಡುಗಳನ್ನು ಶ್ಯಾಡೋ ಹುಡುಕಿ ಕೂಡಿಟ್ಟರು. ಆಲ್ಬಮ್ಮಿನ ಹೆಸರೂ ಅದರಿಂದಲೇ ಬಂದದ್ದು.

ಇದನ್ನು ಓದಿದಾಗ ನೆನಪಾದದ್ದು ಪಕ್ಕದ ಮನೆಯ ಕ್ಯಾಸೆಟ್. ಅವರ ಮನೆಯ ದೊಡ್ಡ ಮಗ ಸೌದಿಯಲ್ಲಿ ದುಡಿಯುತ್ತಿದ್ದಾಗ ಮಾತು ತುಂಬಿ ಕಳಿಸುತ್ತಿದ್ದರು. ಫೋನ್ ದುಬಾರಿ ಇದ್ದ ಕಾಲ. ಕೇಳಿದೆ, ಖುಷಿಯಿಂದ ಹಾಕಿ ತೋರಿಸಿದರು. ಅದರಲ್ಲಿ ವಿಶೇಷ ಏನೂ ಇಲ್ಲ. ಮಳೆ ಬಂತಾ, ಸಾಲ ಎಷ್ಟು ತೀರಿತು, ತಂಗಿ ಓದುತ್ತಿದ್ದಾಳಾ. ನಡುವೆ ಹೇಳಲು ಏನೂ ತೋಚದೆ ಸುಮ್ಮನಾಗುತ್ತಾರೆ. ಟೇಪ್ ಓಡುತ್ತಲೇ ಇರುತ್ತದೆ, ಹಿಂದೆ ಫ್ಯಾನಿನ ಶಬ್ದ. ಆಮೇಲೆ ಗಂಟಲು ಸರಿ ಮಾಡಿಕೊಂಡು "ಮತ್ತೆ..." ಅನ್ನುತ್ತಾರೆ. ಕೇಳುಗರಿಗೆ ಅಂತ ಹಾಡಿದ ಯಾವ ಹಾಡಿನಲ್ಲೂ ಈ "ಮತ್ತೆ" ಸಿಗುವುದಿಲ್ಲ.

ಅದನ್ನು ಕೇಳಿದ ಮೇಲೆ ‘ದಿ ಪ್ರೈವೇಟ್ ಪ್ರೆಸ್’ ಎಲ್ಲಿಗೆ ಹೊರಟಿದೆ ಅಂತ ಕಂಡಿತು. 2001ರಲ್ಲಿ ಬಂದ ‘ಸ್ಕ್ರ್ಯಾಚ್’ ಎಂಬ ಸಾಕ್ಷ್ಯಚಿತ್ರದಲ್ಲಿ ಶ್ಯಾಡೋ ಒಂದು ರೆಕಾರ್ಡ್ ಅಂಗಡಿಯ ನೆಲಮಾಳಿಗೆಯಲ್ಲಿ ಕೂತು, ಸುತ್ತ ರಾಶಿ ಬಿದ್ದ ರೆಕಾರ್ಡುಗಳ ನಡುವೆ, ಇದನ್ನೆಲ್ಲ ಮಾಡಿದವರಲ್ಲಿ ಬಹುಪಾಲು ಜನರ ಹೆಸರು ಈಗ ಯಾರಿಗೂ ಬೇಡ ಅನ್ನುವ ಅರ್ಥದಲ್ಲಿ ಮಾತಾಡುತ್ತಾರೆ. ಮೊದಲ ಆಲ್ಬಮ್ ಆ ಮರೆತುಹೋದ ಕಲಾವಿದರದ್ದು. ಎರಡನೆಯದು ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ. ಕಲಾವಿದರೇ ಅಲ್ಲದವರ, ಮನೆಯವರಿಗೆ ಮಾತ್ರ ಮಾತಾಡಿದವರ ದನಿಯ ಹತ್ತಿರ ಹೋಗುತ್ತದೆ. ಇದು ಹಿಂದಕ್ಕೆ ಹೋದದ್ದಲ್ಲ, ಮುಂದಕ್ಕೇ ಹೋದದ್ದು.

ಇಲ್ಲಿ ನನಗೆ ಒಂದು ತಕರಾರೂ ಇದೆ. ತಮ್ಮ ಮನೆಗೆ ಅಂತ ಆಡಿದ ಮಾತನ್ನು ಲೋಕಕ್ಕೆ ಕೇಳಿಸುವ ಹಕ್ಕು ಯಾರಿಗಿದೆ? ಪಕ್ಕದ ಮನೆಯ ಕ್ಯಾಸೆಟ್‌ನಿಂದ ನಾನು ಒಂದು ಸೆಕೆಂಡನ್ನೂ ತೆಗೆದುಕೊಂಡಿಲ್ಲ, ಅವರು ಕೊಡುತ್ತೇನೆ ಅಂದರೂ. ಆ ಮಾತು ಮಗ ತನ್ನ ಅಮ್ಮನಿಗೆ ಅಂತ ಆಡಿದ್ದು. ಶ್ಯಾಡೋ ಆ ತುಣುಕನ್ನು ಗೇಲಿಗೆ ಬಳಸಿಲ್ಲ, ಮೇಲೆ ಡ್ರಮ್ ಹೊಡೆದು ಕುಣಿಸಿಲ್ಲ, ಚಿಕ್ಕದಾಗಿ, ಮರ್ಯಾದೆಯಿಂದ ಇಟ್ಟಿದ್ದಾರೆ. ಆದರೂ ಪ್ರಶ್ನೆ ಪ್ರಶ್ನೆಯಾಗಿಯೇ ಇದೆ. ಸ್ಯಾಂಪಲ್ ಸಂಗೀತವನ್ನು ಅಳೆಯುವವರು ಇದನ್ನು ಬಿಟ್ಟು ಬರೀ ದನಿ ಚೆನ್ನಾಗಿದೆಯಾ ಅಂತ ನೋಡಿದರೆ ಅರ್ಧ ಕೆಲಸ ಆದಂತೆ.

ಕೊನೆಯ ಭಾಗವನ್ನು ನಾನು ಕೇಳಿದ್ದು ಬಸ್ಸಿನಲ್ಲಿ. ಕೆಲಸದ ಮೇಲೆ ಚಿತ್ರದುರ್ಗಕ್ಕೆ ಹೋಗಿಬರುವುದು ಇದ್ದೇ ಇದೆ. ಹೆದ್ದಾರಿಯಲ್ಲಿ 60 ಕಿಲೋಮೀಟರ್ ಆಸುಪಾಸು, ಆಲ್ಬಮ್ಮಿಗೆ ಸರಿಹೋಗುವ ದೂರ. ‘ಮ್ಯಾಶಿನ್ ಆನ್ ದಿ ಮೋಟರ್‌ವೇ’ಯಲ್ಲಿ ರ‍್ಯಾಪರ್ ಲತೀಫ್ ತಲೆಕೆಟ್ಟ ಡ್ರೈವರ್ ಆಗಿ ಕೂಗಾಡುತ್ತಾ ಗಾಡಿ ಓಡಿಸುತ್ತಾರೆ. ರೂಮಿನಲ್ಲಿ ಕೇಳಿದಾಗ ಇದು ಬರೀ ತಮಾಷೆ, ಆಲ್ಬಮ್ಮಿಗೆ ಬೇಕಿರಲಿಲ್ಲ ಅನ್ನಿಸುತ್ತದೆ. ಆದರೆ ಅದರ ಬೆನ್ನಿಗೇ ‘ಬ್ಲಡ್ ಆನ್ ದಿ ಮೋಟರ್‌ವೇ’ ಬರುತ್ತದೆ. ಒಂಬತ್ತು ನಿಮಿಷ ದಾಟುವ ಹಾಡು. ಪಿಯಾನೊ, ಸಾವಿನ ಮಾತು, ಆಮೇಲೆ ಒಬ್ಬ ಗಂಡಸಿನ ಗಾಯನ, ನಿಧಾನವಾಗಿ ಏರುವ ಡ್ರಮ್. ನಮ್ಮ ಹೆದ್ದಾರಿಯಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾರಿಗಳನ್ನು ಬಲಕ್ಕೆ ಎಡಕ್ಕೆ ಹಾಕಿ ನುಗ್ಗುವ ಕಾರು, ಸ್ವಲ್ಪ ಮುಂದೆ ರಸ್ತೆ ಬದಿ ಸೇರಿದ ಜನ. ಎರಡನ್ನೂ ಒಂದೇ ಪ್ರಯಾಣದಲ್ಲಿ ನೋಡಿದವರು ನಾವು, ಅಲ್ವಾ? ಆ ತಮಾಷೆ ಅಲ್ಲಿ ಯಾಕಿದೆ ಅಂತ ಆಗ ಹೊಳೆಯಿತು. ಜೋಡಿಯಾಗಿ ಕೇಳದೆ ಅದನ್ನು ತಳ್ಳಿಹಾಕುವುದು ತಪ್ಪು.

ಇನ್ನು ತೀರ್ಪು. ಇಡೀ ಆಲ್ಬಮ್ಮಾಗಿ ‘ಎಂಡ್‌ಟ್ರೊಡ್ಯೂಸಿಂಗ್’ ಗಟ್ಟಿ. ಅದರಲ್ಲಿ ಜೋಡಣೆ ಒಂದು ಹೊಲಿಗೆಯೂ ಕಾಣದಂತೆ ಇದೆ. ‘ದಿ ಪ್ರೈವೇಟ್ ಪ್ರೆಸ್’ನಲ್ಲಿ ನಡುವೆ ಕುಸಿತ ಇದೆ. ‘ವಾಕಿ ಟಾಕಿ’ ಸಭೆ ಎಬ್ಬಿಸುತ್ತದೆ, ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಒಂದೊಂದು ಹಾಡು ಒಂದೊಂದು ದಿಕ್ಕಿಗೆ ಎಳೆಯುತ್ತದೆ. ಆದರೆ ‘ಫಿಕ್ಸ್‌ಡ್ ಇನ್‌ಕಮ್’, ‘ಗಿವಿಂಗ್ ಅಪ್ ದಿ ಘೋಸ್ಟ್’, ‘ಸಿಕ್ಸ್ ಡೇಸ್’, ‘ಬ್ಲಡ್ ಆನ್ ದಿ ಮೋಟರ್‌ವೇ’, ‘ಯು ಕಾಂಟ್ ಗೋ ಹೋಮ್ ಅಗೇನ್’ ಈ ಐದು ಮೊದಲ ಆಲ್ಬಮ್ಮಿನ ಒಳ್ಳೆಯ ಹಾಡುಗಳ ಪಕ್ಕದಲ್ಲಿ ಧೈರ್ಯವಾಗಿ ಕೂರುತ್ತವೆ. ‘ಬ್ಲಡ್ ಆನ್ ದಿ ಮೋಟರ್‌ವೇ’ಯಷ್ಟು ನೇರವಾದ ದುಃಖ ಮೊದಲನೆಯದರಲ್ಲಿ ನನಗೆ ಸಿಕ್ಕಿಲ್ಲ. "ಹತ್ತಿರಕ್ಕೂ ಬರಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಗುಂಪಿನಲ್ಲಿ ಇದನ್ನು ಹೇಳಿದಾಗ ಆ ಹುಡುಗ ಪೂರ್ತಿ ಒಪ್ಪಲಿಲ್ಲ. ಮೊದಲನೆಯದು ಕೇಳಿಯೇ ಬೀಟ್ ಮಾಡಲು ಶುರು ಮಾಡಿದವನು, ಅವನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ‘ಗಿವಿಂಗ್ ಅಪ್ ದಿ ಘೋಸ್ಟ್’ನ ಡ್ರಮ್ ಜೋಡಣೆ ತನ್ನ ಲ್ಯಾಪ್‌ಟಾಪಿನಲ್ಲಿ ಬಿಡಿಸಿ ನೋಡುತ್ತೇನೆ ಅಂತ ಫೈಲ್ ತೆಗೆದುಕೊಂಡು ಹೋದ. ಮುಂದಿನ ಸಲಕ್ಕೆ ನಾನು ಶ್ಯಾಡೋ ಅವರದೇ 2006ರ ‘ದಿ ಔಟ್‌ಸೈಡರ್’ ಹಿಡಿದಿದ್ದೇನೆ. ಅದರಲ್ಲಿ ರ‍್ಯಾಪರ್‌ಗಳು ಜಾಸ್ತಿ, ಕ್ಯಾಲಿಫೋರ್ನಿಯಾದ ಬೇ ಪ್ರದೇಶದ ‘ಹೈಫಿ’ (hyphy) ಎಂಬ ಕುಣಿಸುವ ಹಿಪ್ ಹಾಪ್ ಶೈಲಿಯ ಬೀಟ್ ಜಾಸ್ತಿ. ಸ್ಯಾಂಪಲ್ ಬಿಡಿಸಿ ನೋಡುವ ನನ್ನ ದಾರಿ ಅಲ್ಲಿ ಅಷ್ಟು ದೂರ ಬರುವುದಿಲ್ಲ. ರ‍್ಯಾಪ್ ಬರೆಯುವ ಹುಡುಗರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು.